ಬತ್ತಿ ಹೊಲದ ಬೀಜ

ಹುಲಗೆಮ್ಮನ ಬಾಯಿಗೆ ಹೆದರದವರು ಮಸರಕಲ್ಲಿನಲ್ಲಿ ಯಾರೂ ಇರಲಿಲ್ಲ. ಓಣಿಯ ನಾಯಿಗಳು ಕೂಡ ಅವಳ ಅಂಗಳ ಬಂತೆಂದರೆ ಆ ಬದಿಗೆ ಸರಿದು ಹೋಗುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು. ಅದಕ್ಕೆ ಸ್ವಲ್ಪ ಉಪ್ಪುಖಾರ ಹಚ್ಚಿದ್ದರೂ ಪೂರ್ತಿ ಸುಳ್ಳಲ್ಲ. ಗಂಡ ತೀರಿ ಒಂಬತ್ತು ವರ್ಷವಾಗಿತ್ತು. ಗಂಡುಮಕ್ಕಳಿಲ್ಲ. ಒಬ್ಬಳೇ ಮಗಳು ಪಕೀರಮ್ಮ, ಗಂಡನ ಮನೆಯಲ್ಲಿ ಹೊಡೆತ ತಾಳಲಾರದೆ ತವರಿಗೆ ಬಂದು ಕೂತವಳು. ಇಷ್ಟರ ಮೇಲೆ ಬಾಯಿಯೂ ಮೆತ್ತಗಿದ್ದರೆ ಬಾಳುವೆ ಹೇಗೆ ಎಂಬುದು ಹುಲಗೆಮ್ಮನ ಲೆಕ್ಕ.

ಎಪ್ಪತ್ತೊಂಬತ್ತನೇ ಇಸವಿಯ ಯುಗಾದಿ ಕಳೆದು ನಾಲ್ಕನೇ ದಿನ ಅವಳ ಅಂಗಳದ ಮುಂದೆ ಒಂದು ಸರಕಾರಿ ಜೀಪು ಬಂದು ನಿಂತಿತು. ಇಳಿದವಳು ಮೂವತ್ತರ ಆಸುಪಾಸಿನ ಹೆಂಗಸು, ತಲೆಯ ಮೇಲೆ ಸೆರಗು, ಬಗಲಲ್ಲಿ ಬಟ್ಟೆಯ ಸಣ್ಣ ಸಣ್ಣ ಚೀಲಗಳ ಕಟ್ಟು. ಹೆಸರು ಜೈನಾಬ್, ರಾಯಚೂರಿನಲ್ಲಿ ಹತ್ತಿಯ ಮೇಲೆ ಸಂಶೋಧನೆ ಮಾಡುವ ಕಚೇರಿಯವಳು.

“ಯವ್ವಾ, ನಿಮ್ಮ ಮನ್ಯಾಗ ಮುತ್ತಜ್ಜನ ಕಾಲದ ಹತ್ತಿಬೀಜ ಅದ ಅಂತ ಕೇಳೀನಿ. ಒಂದು ಬೊಗಸಿ ಕೊಟ್ರ ಸಾಕು” ಎಂದಳು.

“ಯಾತಕ್ಕ?”

“ಈ ಹತ್ತಿ ಎಲ್ಲಿಂದ ಬಂತು, ಯಾವ ಕಾಲಕ್ಕ ಬಂತು ಅಂತ ತಿಳಕೊಳ್ಳಾಕತ್ತೀನಿ.”

“ನಮ್ಮತ್ತಿ ಗಡಿಗ್ಯಾಗಿಂದ ಬಂತು. ಬರಕೊಂಡು ಹೋಗು.”

ಜೈನಾಬ್ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಮಧ್ಯಾಹ್ನ ಚಾವಡಿಯ ಹತ್ತಿರ ಇರುತ್ತೇನೆ, ಮನಸ್ಸಾದರೆ ತಂದುಕೊಡಿ ಎಂದು ಹೇಳಿ ಜೀಪು ಹತ್ತಿದಳು. ಮುಂದಿನ ಮಾತಿಗೆ ಹೋಗುವ ಮೊದಲು ಆ ಬೀಜದ ಕಥೆ ಹೇಳಿಬಿಡಬೇಕು. ಅದು ಗೊತ್ತಿಲ್ಲದಿದ್ದರೆ ಹುಲಗೆಮ್ಮನನ್ನು ಬರೀ ಜಗಳಗಂಟಿ ಅಂದುಕೊಂಡುಬಿಡುತ್ತೀರಿ. ಅವಳು ಅದಕ್ಕಿಂತ ಒಂದು ಕೈ ಮೇಲೆ.

ಊರಮ್ಮನ ಗುಡಿಯ ಹಿಂದೆ ಎರಡು ಎಕರೆ ಕಪ್ಪುಮಣ್ಣಿನ ಎರಿ ಹೊಲ. ಅದಕ್ಕೆ ಬತ್ತಿ ಹೊಲ ಎಂದೇ ಹೆಸರು. ಅಮ್ಮನ ದೀಪಕ್ಕೆ ವರ್ಷದುದ್ದಕ್ಕೂ ಬತ್ತಿ ಹೊಸೆದು ಕೊಡುವ ಮನೆಯವರು ಆ ಹೊಲ ಉತ್ತು ಉಣ್ಣಬೇಕು. ಬತ್ತಿ ಅಂಗಡಿಯ ಹತ್ತಿಯದಾಗಬಾರದು, ಆ ಮನೆಯ ಹಳೆಯ ಬೀಜದಿಂದ ಬೆಳೆದದ್ದೇ ಆಗಬೇಕು. ಹೊಲದ ಒಂದು ಅಂಚಿಗೆ ಹತ್ತಿ, ಉಳಿದದ್ದರಲ್ಲಿ ಜೋಳ, ತೊಗರಿ. ವಿಚಿತ್ರವೆಂದರೆ ಆ ಹೊಲ ಅಪ್ಪನಿಂದ ಮಗನಿಗೆ ಹೋಗುತ್ತಿರಲಿಲ್ಲ. ಅತ್ತೆಯಿಂದ ಸೊಸೆಗೆ, ಬೀಜ ಕಾಯುವ ಕೈಗೆ ಹೋಗುತ್ತಿತ್ತು. ಗಂಡಸರು ನೇಗಿಲು ಹೊಡೆಯುವುದಕ್ಕೆ ಮಾತ್ರ.

ಇನ್ನೊಂದು ಕಟ್ಟುನಿಟ್ಟು ಇತ್ತು. ಆ ಬೀಜ ಮನೆಯ ಹೊಸ್ತಿಲು ದಾಟಬಾರದು. ಬಿತ್ತನೆಗೆ ಬೇಕಾದಷ್ಟು ಗಡಿಗೆಯಲ್ಲಿಟ್ಟು ಬಾಯಿಗೆ ಸಗಣಿ ಮೆತ್ತಬೇಕು. ಉಳಿದದ್ದನ್ನು ಕುದಿಯುವ ನೀರಿಗೆ ಹಾಕಿ, ಒಂದು ರೊಟ್ಟಿ ಬೇಯುವಷ್ಟು ಹೊತ್ತು ಬಿಟ್ಟು, ಸೋಸಿ ಒಣಗಿಸಿ ಆಕಳಿಗೆ ಇಡಬೇಕು. ಹಾಗೆ ಬೇಯಿಸಿದ ಬೀಜ ಕಣ್ಣಿಗೆ ಹಸಿ ಬೀಜದಂತೆಯೇ ಕಾಣುತ್ತದೆ, ಆದರೆ ಸಾಯುವವರೆಗೂ ನೀರು ಹಾಕಿದರೂ ಮೊಳೆಯುವುದಿಲ್ಲ.

ಹುಲಗೆಮ್ಮನ ಅತ್ತೆ ಬಂಡೆಮ್ಮನಿಗೆ ಇಬ್ಬರು ಸೊಸೆಯಂದಿರು. ಹಿರಿಯಳು ಹುಲಗೆಮ್ಮ. ಕಿರಿಯಳು ಕರೆಮ್ಮ, ಮಾನ್ವಿಯ ಕಡೆಯಿಂದ ಬಂದವಳು, ಕಿರಿಮಗ ಹನುಮಂತ್ರಾಯನ ಹೆಂಡತಿ. ಇಪ್ಪತ್ತೆರಡು ವರ್ಷದ ಹಿಂದೆ ಮನೆ ಪಾಲಾದಾಗ ಬಂಡೆಮ್ಮ, “ಇಬ್ಬರ ಮನ್ಯಾಗೂ ಬೀಜ ಇರಲಿ. ಒಂದೊಂದು ಮುಷ್ಟಿ ಊರ್ರಿ. ಯಾರ ಮಡ್ಯಾಗ ಚಂದ ಏಳ್ತಾವ, ಹೊಲ ಅಕಿದು” ಎಂದಳು. ಗಡಿಗೆಯಿಂದ ಬೀಜ ತೆಗೆದು ಕೊಡುವ ಕೆಲಸ ಹಿರಿಯ ಸೊಸೆಯದು. ಹುಲಗೆಮ್ಮ ತನ್ನ ಮುಷ್ಟಿಯನ್ನು ಗಡಿಗೆಯಿಂದ ತೆಗೆದುಕೊಂಡಳು. ಕರೆಮ್ಮನ ಮುಷ್ಟಿಯನ್ನು ಆಕಳ ಬುಟ್ಟಿಯಿಂದ ತೆಗೆದುಕೊಟ್ಟಳು.

ಕರೆಮ್ಮ ಆಗ ಏಳು ತಿಂಗಳ ಮದುವಣಗಿತ್ತಿ. ಹದಿನೈದು ದಿನ ದಿನಕ್ಕೆರಡು ಸಲ ಚೊಂಬಿನಲ್ಲಿ ನೀರು ಹೊತ್ತಳು. ಹುಲಗೆಮ್ಮನ ಮಡಿಯಲ್ಲಿ ಎಲೆಗಳು ಜೋಡಿಜೋಡಿಯಾಗಿ ಎದ್ದವು. ಕರೆಮ್ಮನ ಮಡಿಯಲ್ಲಿ ಮಣ್ಣು ಮಣ್ಣಾಗಿಯೇ ಇತ್ತು. ಬಂಡೆಮ್ಮ ಎಲ್ಲರ ಎದುರಿಗೇ “ಇಕಿ ಕೈ ಬಂಜಿ” ಅಂದುಬಿಟ್ಟಳು. ಆ ಮಾತು ಕರೆಮ್ಮನಿಗೆ ಅಂಟಿಕೊಂಡಿತು. ಮುಂದೆ ಅವಳಿಗೆ ಮಕ್ಕಳಾಗದೆ ಹೋದಾಗ ಊರು ಕೈಗೆ ಅಂದದ್ದನ್ನೇ ಹೊಟ್ಟೆಗೂ ಅಂದಿತು. ಮದುವೆ ಮುಂಜಿಯಲ್ಲಿ ಆರತಿ ತಟ್ಟೆ ಅವಳ ಕೈಗೆ ಕೊಡುವುದನ್ನು ಬಿಟ್ಟರು.

ಸುಳ್ಳೇಕೆ ಹೇಳಬೇಕು, ಹುಲಗೆಮ್ಮನಿಗೆ ಇದರ ಬಗ್ಗೆ ಒಂದು ದಿನವೂ ಕೆಡುಕೆನಿಸಿರಲಿಲ್ಲ. ಮಾನ್ವಿಯಿಂದ ಮೊನ್ನೆ ಬಂದವಳಿಗೆ ಹೊಲ ಯಾಕೆ ಹೋಗಬೇಕು ಎಂಬುದು ಅವಳ ವಾದ. ಬಂಡೆಮ್ಮ ಸತ್ತಳು, ಗಂಡ ಸತ್ತ, ಹೊಲ ಹುಲಗೆಮ್ಮನ ಕೈಯಲ್ಲೇ ಇತ್ತು. ಎರಡು ವರ್ಷದಿಂದ ಮಾತ್ರ ಮೈದುನ ಹನುಮಂತ್ರಾಯ ತಕರಾರು ತೆಗೆದಿದ್ದ. ಹುಲಗೆಮ್ಮನಿಗೆ ಸೊಸೆಯಿಲ್ಲ, ಮಗಳು ಸೊಸೆಯಾಗುವುದಿಲ್ಲ, ಆದ್ದರಿಂದ ಹೊಲ ಬಂಡೆಮ್ಮನ ಉಳಿದ ಸೊಸೆಗೆ ಬರಬೇಕು ಎಂಬುದು ಅವನ ಮಾತು. ಹುಲಗೆಮ್ಮನ ಜೀವವೆಲ್ಲ ಆ ಎರಡು ಎಕರೆಯಲ್ಲಿತ್ತು. ತಾನು ಕಣ್ಣು ಮುಚ್ಚಿದ ಮೇಲೆ ಪಕೀರಮ್ಮ ಕಂಡವರ ಹೊಲದಲ್ಲಿ ಕಳೆ ಕೀಳಬಾರದು, ಅಷ್ಟೇ ಅವಳ ಹಟ.

ಮಧ್ಯಾಹ್ನ ಅವಳು ಚಾವಡಿಗೆ ಹೋದಳು. ಕೊಡುವುದಿಲ್ಲ ಎಂದರೆ ಬೀಜವೇ ಇಲ್ಲ ಎಂದು ಹನುಮಂತ್ರಾಯ ಡಂಗುರ ಹೊಡೆಯುತ್ತಾನೆ. ಕೊಟ್ಟರೆ ಅತ್ತೆಯ ಕಟ್ಟುನಿಟ್ಟು ಮುರಿಯುತ್ತದೆ. ಅವಳಿಗೆ ದಾರಿ ಹುಡುಕುವುದು ಕಷ್ಟವೇನಾಗಲಿಲ್ಲ, ಆಕಳ ಬುಟ್ಟಿಯಿಂದ ಒಂದು ಬೊಗಸೆ ತೆಗೆದು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಜೀಪಿನ ಬೀಬಿ ಊರೂರು ತಿರುಗಿ ಬೇಯಿಸಿದ ಬೀಜ ಕಾಯುತ್ತಾ ಕೂರಲಿ ಎಂದು ಒಳಗೊಳಗೇ ಖುಷಿಯೂ ಆಗಿತ್ತು.

ಚಾವಡಿಯ ಕಟ್ಟೆಯ ಮೇಲೆ ಊರಿನ ಹಿರಿಯ ಯಮನೂರಪ್ಪ ಕೂತಿದ್ದ. ಅವನ ಮಾತು ಎಂದರೆ ದೈವದ ಮಾತು, ಅಂದರೆ ಊರ ಹಿರಿಯರೆಲ್ಲರ ತೀರ್ಮಾನ. ಹನುಮಂತ್ರಾಯ ಮೀಸೆ ತೀಡುತ್ತಾ ನಿಂತಿದ್ದ, ಅವನ ಹಿಂದೆ ಬೀಜದ ಗಂಟು ಹಿಡಿದ ಕರೆಮ್ಮ. ಜೈನಾಬ್ ಅವರ ಮನೆಯಲ್ಲೂ ಬೀಜ ಕೇಳಿದ್ದಳು. ಹುಲಗೆಮ್ಮ ಆ ನೆಗೆಣ್ಣಿಯ ಮುಖ ನೋಡಿ ಎಷ್ಟೋ ವರ್ಷವಾಗಿತ್ತು, ಅಂದೂ ನೋಡಲಿಲ್ಲ. ಜೈನಾಬ್ ಎರಡೂ ಮನೆಯ ಬೀಜವನ್ನು ಎರಡು ಚೀಲಕ್ಕೆ ಹಾಕಿ, ಹೆಸರು ಬರೆದು, ಹೊಲಿದು, ಹುಲಗೆಮ್ಮನ ಮತ್ತು ಹನುಮಂತ್ರಾಯನ ಹೆಬ್ಬೆಟ್ಟು ಒತ್ತಿಸಿಕೊಂಡಳು.

“ಇದನ್ನ ನೋಡಿ ಏನು ಗೊತ್ತಾಗ್ತದ್ರಿ?” ಎಂದು ಯಮನೂರಪ್ಪ ಕೇಳಿದ.

ಜೈನಾಬ್ ಹೇಳಿದಳು, “ಬೀಜ ಮೊಳಿತಂದ್ರ ಬೇರು ಬರ್ತದ. ಬೇರಿನ ತುದಿ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಮ್ಯಾಲೆ ಒತ್ತಿ ದುರ್ಬೀನಿನಾಗ ನೋಡಿದ್ರ ಒಳಗ ಸಣ್ಣ ಸಣ್ಣ ಎಳಿ ಕಾಣ್ತಾವ. ನಮ್ಮ ದೇಶದ ಹಳೀ ಹತ್ತಿಗೆ ಇಪ್ಪತ್ತಾರು ಎಳಿ. ಅಮೆರಿಕಾದಿಂದ ಹಡಗಿನಾಗ ಬಂದ ಹತ್ತಿಗೆ ಐವತ್ತೆರಡು. ಅದು ಬಂದು ಇನ್ನೂರು ವರ್ಷಾನೂ ಆಗಿಲ್ಲ. ಇಪ್ಪತ್ತಾರರದು ಸಾವಿರಾರು ವರ್ಷದ್ದು. ಸಿಂಧ್ ಕಡಿ ಮಣ್ಣಾಗ ಹುಗಿದುಹೋದ ಊರಾಗ ಅದರ ನೂಲು ಸಿಕ್ಕದ. ಅಲ್ಲಿಂದ ಈ ಕಡಿ ಯಾವ ದಾರಿಲೇ ಬಂತು, ಯಾರ ಕೈ ದಾಟಿ ಬಂತು ಅಂತ ನಾ ನಕ್ಷಾ ಮಾಡಾಕತ್ತೀನಿ.”

ಹನುಮಂತ್ರಾಯನಿಗೆ ಸಿಂಧವೂ ಬೇಡ, ನಕ್ಷೆಯೂ ಬೇಡ. ಅವನ ತಲೆ ಬೇರೆ ಕಡೆ ಓಡಿತು. “ಹಂಗಾರ ಬತ್ತಿ ಹೊಲದ ತಕರಾರು ಇಲ್ಲೇ ಮುಗೀತಲ್ಲ, ಯಮನೂರಪ್ಪಣ್ಣ. ಎರಡೂ ಚೀಲ ಇಲ್ಲೇ ಅದಾವ. ಯಾರ ಚೀಲದಾಗ ನಮ್ಮವ್ವನ ಹಳೀ ಬೀಜ ಅದ, ಹೊಲ ಅವರದು. ಕಾರಹುಣ್ಣಿಮಿಯೊಳಗ ಈ ಬಾಯಾರೇ ಬಂದು ಹೇಳಲಿ” ಎಂದ.

ಯಮನೂರಪ್ಪನಿಗೂ ಅದು ಸರಿಯೆನಿಸಿತು. ಎರಡು ವರ್ಷದಿಂದ ಈ ಎರಡು ಮನೆಯ ರಂಪ ಕೇಳಿ ಅವನಿಗೆ ತಲೆ ಚಿಟ್ಟು ಹಿಡಿದಿತ್ತು. “ಹೊಲಿದಿಟ್ಟ ಚೀಲದ ಬೀಜಾನೇ ಸಾಕ್ಷಿ. ಇನ್ನ ಮ್ಯಾಲೆ ಯಾರೂ ಬ್ಯಾರೆ ಬೀಜ ತಂದು ತೋರಸಂಗಿಲ್ಲ. ಅದಲ್ಲ ಇದು, ಇದಲ್ಲ ಅದು ಅಂತ ಮತ್ತ ಜಗಳ ಬ್ಯಾಡ. ಹುಲಗೆಮ್ಮ, ಏನಂತಿ?”

ನಾನು ಕೊಟ್ಟದ್ದು ಬೇಯಿಸಿದ ಬೀಜ ಎಂದು ಆಗಲೇ ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎರಡು ಮಾರು ದೂರದಲ್ಲಿ ಕರೆಮ್ಮ ನಿಂತಿದ್ದಾಳೆ. ಬೇಯಿಸಿದ ಬೀಜ ಮಂದಿಯ ಕೈಗೆ ಕೊಡುವ ಚಾಳಿ ಹುಲಗೆಮ್ಮನಿಗಿದೆ ಎಂದು ಗೊತ್ತಾದ ಗಳಿಗೆಯಲ್ಲಿ ಅವಳಿಗೆ ತನ್ನ ಮಡಿಯ ನೆನಪಾಗದೆ ಇರುತ್ತದೆಯೇ? ಹುಲಗೆಮ್ಮ ಜೀವಮಾನದಲ್ಲಿ ಮೊದಲ ಸಲ ಬಾಯಿಗೆ ಬಂದದ್ದನ್ನು ನುಂಗಿಕೊಂಡಳು. “ಆಗಲಿ” ಎಂದಳು.

ಮನೆಗೆ ಬಂದು ಅದನ್ನೆಲ್ಲ ಮಗಳ ಮೇಲೆ ತೀರಿಸಿಕೊಂಡಳು. ರೊಟ್ಟಿ ದಪ್ಪ, ಪಲ್ಯೆ ಸಪ್ಪೆ, ಒಲೆಯಲ್ಲಿ ಹೊಗೆ. ಪಕೀರಮ್ಮ ಕೇಳುವಷ್ಟು ಕೇಳಿ, “ನೀ ಯಾರ ಮ್ಯಾಲೆ ಸಿಟ್ಟಾಗೀದಿ, ಅದನ್ನ ಮದಲ ಹೇಳು” ಎಂದಳು. ಆಗ ಹುಲಗೆಮ್ಮ ಆಕಳ ಬುಟ್ಟಿಯ ವಿಷಯ ಹೇಳಿದಳು. ಇಪ್ಪತ್ತೆರಡು ವರ್ಷದ ಹಿಂದಿನದನ್ನು ಹೇಳಲಿಲ್ಲ.

“ರಾಯಚೂರಿಗೆ ಹೋಗಿ ಬಾಯಾರಿಗೆ ಖರೇ ಹೇಳಿಬಿಡು. ಹಸಿ ಬೀಜ ಒಯ್ದುಕೊಡು” ಎಂದಳು ಮಗಳು. ಹುಲಗೆಮ್ಮನಿಗೆ ಆ ಮಾತಿನ ಎರಡನೇ ಅರ್ಧ ಮಾತ್ರ ಹಿಡಿಸಿತು.

ಎಂಟು ದಿನ ಬಿಟ್ಟು ಅವಳು ದೇವದುರ್ಗದಿಂದ ಬರುವ ಬಸ್ಸು ಹತ್ತಿ ರಾಯಚೂರಿಗೆ ಹೋದಳು. ಸೆರಗಿನ ತುದಿಯಲ್ಲಿ ಗಡಿಗೆಯ ಹಸಿ ಬೀಜ ಗಂಟು ಹಾಕಿಕೊಂಡಿದ್ದಳು. ಹತ್ತಿ ಮಿಲ್ಲುಗಳ ಬೀದಿಯಲ್ಲಿ ಗಾಳಿಯ ತುಂಬ ಅರಳೆಯ ದೂಳು, ಅಂಗಡಿಗಳ ತಗಡಿನ ಮೇಲೆ, ಎತ್ತುಗಳ ರೆಪ್ಪೆಯ ಮೇಲೆ ಬಿಳುಪು ಕೂತಿತ್ತು. ಟಾಂಗಾದವನಿಗೆ ಹತ್ತಿ ನೋಡುವ ಕಚೇರಿ ಎಂದು ಹೇಳಿದರೆ ಅವನು ಮೂರು ಕಡೆ ಇಳಿಸಿ ಮೂರು ಕಡೆ ಹತ್ತಿಸಿಕೊಂಡ. ಅವನಿಗೆ ಬೈದು ಬೈದು ಹುಲಗೆಮ್ಮ ಜೈನಾಬಳ ಬಾಗಿಲು ತಲುಪುವ ಹೊತ್ತಿಗೆ ಹನ್ನೆರಡಾಗಿತ್ತು.

ಜೈನಾಬಳ ಕೋಣೆ ಎಂದರೆ ಗೊಬ್ಬರದ ಚೀಲ ಇಡುತ್ತಿದ್ದ ಜಾಗ. ಗೋಡೆಗೆ ಇನ್ನೂ ಅದರ ವಾಸನೆ ಇತ್ತು. ಕಿಟಕಿಯ ಕೆಳಗೆ ಗಾಜಿನ ತಟ್ಟೆಗಳು, ಒದ್ದೆ ಕಾಗದದ ಮೇಲೆ ಬೀಜ.

“ಬಾ ಯವ್ವಾ. ನೀನಾಗೇ ಬಂದದ್ದು ಚಲೋ ಆತು” ಎಂದಳು ಜೈನಾಬ್. ದನಿಯಲ್ಲಿ ಚಲೋ ಏನೂ ಇರಲಿಲ್ಲ. ಒಂದು ತಟ್ಟೆಯನ್ನು ಅವಳ ಮುಂದೆ ಸರಿಸಿದಳು. “ಇದು ನಿನ್ನ ಚೀಲದ್ದು. ನೂರು ಇಟ್ಟೆ. ಒಂದೂ ಮೊಳೀಲಿಲ್ಲ, ಎಲ್ಲಾ ಲೋಳಿ ಆದವು. ಮುದಿ ಬೀಜ ಆದ್ರ ನೂರಕ್ಕ ನಾಕಾರ ಏಳತಾವ. ಒಂದೂ ಇಲ್ಲಂದ್ರ ಯಾರೋ ಬೇಯಿಸ್ಯಾರ. ಯಾರು?”

“ನನಗೇನು ಗೊತ್ತು?”

“ಸುಳ್ಳು ಹೇಳಬ್ಯಾಡ. ಬಿಸಲಾಗ ಮೂವತ್ತಾರು ಹಳ್ಳಿ ತಿರುಗೀನಿ. ಹೆಣ್ಣಮಗಳು ಹಳ್ಳಿ ತಿರುಗಿ ಏನು ತರ್ತಾಳ ಅಂತ ಇಲ್ಲಿ ಎಲ್ಲಾರೂ ನಗಾಕತ್ತಾರ. ನಾನು ಸತ್ತ ಬೀಜ ತಂದು ಕೂಡಿಸೀನಿ ಅಂದ್ರ ಅವರಿಗೆ ಹಬ್ಬ. ನಿನಗ ನಾ ಏನು ಮಾಡಿದ್ದೆ?”

ಹುಲಗೆಮ್ಮ ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಸುರಿದಳು. “ಇದು ಹಸೀದು. ಅದನ್ನ ಚೆಲ್ಲಿ ಇದನ್ನ ಹಾಕು. ಯಾರಿಗೆ ಗೊತ್ತಾಗ್ತದ?”

“ನನಗ ಗೊತ್ತಾಗ್ತದ” ಎಂದಳು ಜೈನಾಬ್. “ನಿನ್ನ ಹೆಬ್ಬೆಟ್ಟು ಇರೋ ಚೀಲದಾಗ ಏನಿತ್ತೋ ಅದನ್ನೇ ಹೇಳ್ತೀನಿ. ನನ್ನ ನಕ್ಷಾಕ್ಕ ಬೇಕಾದ್ರ ಇದನ್ನ ಕೊಡು. ನಿಮ್ಮ ಜಗಳಕ್ಕ ಇದು ಬರಂಗಿಲ್ಲ.”

ಹುಲಗೆಮ್ಮ ಒಂದೊಂದೇ ಕಾಳು ಹೆಕ್ಕಿ ಮತ್ತೆ ಗಂಟು ಹಾಕಿಕೊಂಡಳು. ಹೊರಡುವವಳು ಬಾಗಿಲಲ್ಲಿ ನಿಂತು, “ಅವಂದು ಎಷ್ಟು ಎಳಿ?” ಎಂದು ಕೇಳಿದಳು. ಐವತ್ತೆರಡು ಎಂಬ ಉತ್ತರ ಕೇಳಿ ಹೋಗುವ ಆಸೆ. ಹನುಮಂತ್ರಾಯನ ಹೊಲದಲ್ಲಿ ಬೆಳೆಯುವುದು ದಪ್ಪ ಕಾಯಿಯ ಸರಕಾರಿ ಹತ್ತಿ ಎಂದು ಕಣ್ಣಿದ್ದವರಿಗೆಲ್ಲ ಗೊತ್ತು. ತನ್ನದು ಸತ್ತರೂ ಅವನದು ಪರದೇಶಿ ಎಂದಾದರೆ ಅರ್ಧ ಜಗಳ ಗೆದ್ದಂತೆ.

ಜೈನಾಬ್ ದುರ್ಬೀನಿನ ಕಡೆ ಕೈ ತೋರಿಸಿದಳು. ಹುಲಗೆಮ್ಮ ಬಗ್ಗಿ ಒಂದು ಕಣ್ಣು ಇಟ್ಟಳು. ಮೊದಲು ತನ್ನ ರೆಪ್ಪೆಯೇ ಕಂಡಿತು. ಆಮೇಲೆ ಬೆಳಕಿನ ನಡುವೆ ಕೆಂಪು ತುಣುಕುಗಳು, ಹತ್ತಿಕಾಳಿಗಿಂತ ಎಷ್ಟೋ ಸಣ್ಣವು, ದೊಡ್ಡಿಯಲ್ಲಿ ಒತ್ತಿಕೊಂಡು ನಿಂತ ಕುರಿಗಳ ಹಾಗೆ. ಕುರಿ ಎಣಿಸಿದ ಮನೆತನದವಳು ಅವಳು, ಬೆರಳು ಮಡಚಿ ಎಣಿಸಿದಳು. ಎರಡು ಸಲ ಎಣಿಸಿದಳು.

“ಇಪ್ಪತ್ತಾರು” ಎಂದಳು.

“ಇಪ್ಪತ್ತಾರು. ಹನುಮಂತ್ರಾಯರ ಚೀಲದ್ದು. ನೂರಕ್ಕ ತೊಂಬತ್ತೊಂದು ಮೊಳತಾವ. ನಾ ತಿರುಗಿದ ಊರಾಗೆಲ್ಲ ಇಷ್ಟು ಶುದ್ಧ ಹಳೀ ಬೀಜ ಸಿಕ್ಕಿಲ್ಲ” ಎಂದಳು ಜೈನಾಬ್. ಆಮೇಲೆ, “ಒಂದು ತಿಳೀವಲ್ದು. ಅವತ್ತು ಅವರ ಹೊಲದಾಗ ನಾನೇ ನಾಕು ಕಾಯಿ ಕಿತ್ತುಕೊಂಡು ಬಂದಿದ್ದೆ. ಆ ಬೀಜಕ್ಕ ಐವತ್ತೆರಡು ಅದಾವ” ಎಂದಳು.

ಅವಳಿಗೆ ತಿಳಿಯದಿದ್ದರೂ ಹುಲಗೆಮ್ಮನಿಗೆ ಕೂಡಲೇ ತಿಳಿಯಿತು. ಚೀಲದ ಬೀಜ ಅವನ ಹೊಲದ್ದಲ್ಲ. ಈ ಬೀಜ ಲೋಕದಲ್ಲಿ ಇರುವುದು ಒಂದೇ ಗಡಿಗೆಯಲ್ಲಿ, ಆ ಗಡಿಗೆ ಇರುವುದು ತನ್ನ ಮನೆಯಲ್ಲಿ. ಹಾಗಾದರೆ ಕರೆಮ್ಮ ಕದ್ದಿದ್ದಾಳೆ. ಹತ್ತಿ ಬಿಸಿಲಿಗೆ ಹಾಕಿದಾಗ ಕದ್ದಳೋ, ತಾನು ಸಂತೆಗೆ ಹೋದಾಗ ಹಿತ್ತಲ ಬಾಗಿಲಿನಿಂದ ಬಂದಳೋ, ಅಂತೂ ಕದ್ದಿದ್ದಾಳೆ. ತನ್ನ ಬೀಜದಿಂದ ತನ್ನ ಹೊಲ ಕಿತ್ತುಕೊಳ್ಳಲು ಹೊರಟಿದ್ದಾಳೆ. ಹುಲಗೆಮ್ಮನ ಮೈಯೆಲ್ಲ ಉರಿಯಿತು. ಆ ಉರಿಯಲ್ಲಿ ಒಂದು ಸುಖವೂ ಇತ್ತು, ಇಷ್ಟು ದಿನ ತಪ್ಪು ತನ್ನ ಕಡೆ ಇತ್ತು, ಈಗ ಆ ಕಡೆ ಹೋಯಿತು. ಬಸ್ಸಿನಲ್ಲಿ ಬರುವಾಗ ಕರೆಮ್ಮನಿಗೆ ಬಯ್ಯಬೇಕಾದ ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು.

ಕಾರಹುಣ್ಣಿಮೆಗೆ ಮೂರು ದಿನ ಇರುವಾಗ ಚಾವಡಿಯಲ್ಲಿ ದೈವ ಕೂಡಿತು. ಜೈನಾಬ್ ಜೀಪಿನಲ್ಲಿ ಬಂದಿದ್ದಳು. ಅವಳು ಉದ್ದ ಮಾತಾಡಲಿಲ್ಲ. ಹುಲಗೆಮ್ಮನ ಚೀಲದ್ದು ಒಂದೂ ಮೊಳೆಯಲಿಲ್ಲ, ಎಣಿಸುವುದಕ್ಕೆ ಏನೂ ಇಲ್ಲ. ಹನುಮಂತ್ರಾಯನ ಚೀಲದ್ದು ಇಪ್ಪತ್ತಾರು ಎಳೆಯ ಹಳೆಯ ಬೀಜ. ಆದರೆ ಅವನ ಹೊಲದಲ್ಲಿ ನಿಂತ ಹತ್ತಿ ಅದಲ್ಲ, ಅದು ಐವತ್ತೆರಡರದು.

ಹನುಮಂತ್ರಾಯ ಕೊನೆಯ ಮಾತು ಕೇಳಿಸಿಕೊಳ್ಳಲೇ ಇಲ್ಲ. “ಕೇಳಿದ್ರೆಲ್ಲ? ನಮ್ಮವ್ವನ ಬೀಜ ನಮ್ಮ ಮನ್ಯಾಗ ಅದ. ಹೊಲ ನಮ್ಮದು” ಎಂದು ತಲೆಯ ಪಟಕ ಸರಿಮಾಡಿಕೊಂಡ.

ಹುಲಗೆಮ್ಮ ಎದ್ದು ನಿಂತಳು. ಪಕೀರಮ್ಮ ಸೆರಗು ಹಿಡಿದು ಜಗ್ಗಿದರೂ ಕೊಡವಿಕೊಂಡಳು.

“ಅದು ನನ್ನ ಬೀಜ” ಎಂದಳು. “ಇವನ ಹೊಲದಾಗ ಅದು ಇಲ್ಲಂತ ಬಾಯಾರೇ ಹೇಳಿದ್ರು. ಮತ್ತ ಚೀಲದಾಗ ಎಲ್ಲಿಂದ ಬಂತು? ಈ ಮಾನ್ವಿಯಾಕಿ ನನ್ನ ಮನ್ಯಾಗ ಕದ್ದಾಳ. ಕಳ್ಳಿಗೆ ಹೊಲ ಕೊಡ್ತೀರೇನು?”

“ನಿನ್ನ ಮನ್ಯಾಗಿಂದ ಕದ್ದಿದ್ರ, ನಿನ್ನ ಬೀಜಾನೂ ಅದೇ ಆಗಿದ್ರ, ನಿಂದು ಯಾಕ ಮೊಳೀಲಿಲ್ಲ?” ಎಂದು ಯಮನೂರಪ್ಪ ಕೇಳಿದ.

ಎರಡು ತಿಂಗಳಿಂದ ಅವಳು ಹೆದರಿದ್ದ ಪ್ರಶ್ನೆ ಇದೇ. ಆದರೆ ಸಿಟ್ಟು ನೆತ್ತಿಗೇರಿದ ಹುಲಗೆಮ್ಮನಿಗೆ ಹೆದರಿಕೆ ನೆನಪಿರುವುದಿಲ್ಲ. ಕರೆಮ್ಮ ಕಳ್ಳಿ ಎಂದು ತೋರಿಸಿದರೆ ಸಾಕು, ಬೇರೆಲ್ಲ ಆಮೇಲೆ.

“ನಾ ಬೇಯಿಸಿದ ಬೀಜ ಕೊಟ್ಟೆ, ಅದಕ್ಕ! ಹೊಸ್ತಿಲಾಚೆ ಹಸಿ ಬೀಜ ಹೋಗಬಾರದು ಅಂತ ನಮ್ಮತ್ತಿ ಹೇಳಿದ್ಲು. ಹೊರಗಿನವರು ಕೇಳಿದ್ರ ನಾ ಬೇಯಿಸಿದ್ದೇ ಕೊಡೋದು.”

ಆಗ ಕರೆಮ್ಮ ಗಂಡನ ಹಿಂದಿನಿಂದ ಮುಂದೆ ಬಂದಳು. ಹುಲಗೆಮ್ಮ ಎಷ್ಟೋ ವರ್ಷದ ಮೇಲೆ ಅವಳ ಮುಖ ನೋಡಿದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳ ಕಣ್ಣಲ್ಲಿ ಸಿಟ್ಟೇ ಇರಲಿಲ್ಲ.

“ಇನ್ನೊಮ್ಮೆ ಹೇಳಕ್ಕ. ಎಲ್ಲಾರಿಗೂ ಕೇಳಲಿ” ಎಂದಳು ಕರೆಮ್ಮ.

ಹುಲಗೆಮ್ಮ ಮುಖ ತಿರುಗಿಸಿದಳು. ಕರೆಮ್ಮನೇ ಮುಂದುವರಿಸಿದಳು.

“ಹದಿನೈದು ದಿನ ನೀರು ಹೊತ್ತೆ. ಒಂದೂ ಏಳಲಿಲ್ಲ. ಹದಿನಾರನೇ ದಿನ ಮಣ್ಣು ಕೆದರಿ ನೋಡಿದೆ. ಒಂದಕ್ಕೂ ಮೂತಿ ಒಡದಿರಲಿಲ್ಲ, ಎಲ್ಲಾ ಲೋಳಿ ಲೋಳಿ. ಆಕಳಿಗೆ ಹಾಕೋ ಬೀಜ ನೆನಸಿದ್ರ ಹಂಗ ಆಗ್ತದ, ನನಗ ಗೊತ್ತಿತ್ತು. ಅತ್ತಿ ಮುಂದ ಹೇಳಿದೆ. ಬಂಜಿ ಕೈಯಾಕಿ ಮಂದಿ ಮ್ಯಾಲೆ ತಪ್ಪು ಹಾಕ್ತಾಳ ಅಂದ್ಲು. ನನ್ನ ಗಂಡ ಅವತ್ತು ಬಡದ.” ಕರೆಮ್ಮ ಹನುಮಂತ್ರಾಯನ ಕಡೆ ತಿರುಗಿ ನೋಡಲಿಲ್ಲ. “ಆ ವರ್ಷ ನಮ್ಮ ಕುರಿ ಬತ್ತಿ ಹೊಲದ ಬದುವಿಗೆ ಹಾದು ಬರ್ತಿದ್ದವು. ತುಪ್ಪಟದಾಗ ಹತ್ತಿ ಸಿಕ್ಕೊಂಡು ಬರ್ತಿತ್ತು. ದಿನಾ ಸಂಜಿಗೆ ಒಂದೊಂದು ಕುರಿ ಮೈಯಾಗ ಕೈಯಾಡಿಸಿ ಹೆಕ್ಕಿದೆ. ಹದಿನಾಕು ಬೀಜ ಸಿಕ್ಕವು. ದೊಡ್ಡಿ ಹಿಂದ ಊರಿದೆ. ಒಂಬತ್ತು ಎದ್ದವು. ಅಲ್ಲಿಂದ ಒಂದು ವರ್ಷಾನೂ ಬಿಟ್ಟಿಲ್ಲ.”

ಹನುಮಂತ್ರಾಯ ಬಾಯಿ ತೆರೆದು ನಿಂತಿದ್ದ. “ಅವತ್ತು ಬಾಯಾರಿಗೆ ಕೊಡಾಕ ಅಟ್ಟದ ಮ್ಯಾಲಿನ ಬೀಜ ತಾ, ಅದು ಅವ್ವನ ಕಾಲದ್ದು ಅಂದಿದ್ದೆನಲ್ಲ. ಅದೇನು ಮಾಡಿದಿ?”

“ಎತ್ತಿಗೆ ಹಾಕಿದೆ.”

ಯಾರೋ ನಕ್ಕರು, ಯಮನೂರಪ್ಪ ಗದರಿದ. ಆಮೇಲೆ ಕರೆಮ್ಮನನ್ನು ಕೇಳಿದ, “ಇಷ್ಟು ವರ್ಷ ಯಾಕ ಬಾಯಿ ಬಿಡಲಿಲ್ಲ ತಂಗಿ?”

“ಯಾರು ನಂಬತಿದ್ರಿ? ಅಕಿ ಬಾಯಿಲೇ ಬರೋತನ ಕಾದೆ.”

ದೊಡ್ಡಿಯ ಹಿಂದೆ ಹೋಗಿ ನೋಡಿಕೊಂಡು ಬರಲು ಯಮನೂರಪ್ಪ ಇಬ್ಬರನ್ನು ಕಳಿಸಿದ, ಜೈನಾಬಳೂ ಹೋದಳು. ಹುಲಗೆಮ್ಮ ಕಟ್ಟೆಯ ಕಲ್ಲಿನ ಮೇಲೆ ಕೂತು ಬೈಗುಳ ಹುಡುಕಿದಳು, ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಒಂದೂ ಕೈಗೆ ಸಿಗಲಿಲ್ಲ. ಹೋದವರು ಮರಳಿ ಬಂದರು. ಮುಳ್ಳಿನ ಬೇಲಿಯ ಒಳಗೆ ಎರಡು ಸಾಲು ಇದೆ, ಹಳೆಯ ಬುಡಗಳಿವೆ, ಈ ವರ್ಷದ ಸಸಿಗಳೂ ಇವೆ ಎಂದರು. ಎಲೆ, ಕಾಯಿ ಎಲ್ಲ ಚೀಲದ ಬೀಜದ ಜಾತಿಯದೇ ಎಂದಳು ಜೈನಾಬ್. ಅವಳ ಕೈಯಲ್ಲಿ ಕರೆಮ್ಮ ಕೊಟ್ಟ ಒಂದು ಬೊಗಸೆ ಹಸಿ ಬೀಜವಿತ್ತು.

ಯಮನೂರಪ್ಪ ಹುಲಗೆಮ್ಮನ ಕಡೆ ತಿರುಗಿದ. “ಬೀಜ ಹೊಸ್ತಿಲು ದಾಟಬಾರದು ಅಂತ ಬಂಡೆಮ್ಮ ಹೇಳಿದ್ದು ಖರೇ. ಬಾಯಾರು ಹೊಸ್ತಿಲಾಚಿನವರು, ಅದನ್ನ ಬಿಡೋಣ. ಈಕಿ ಎಲ್ಲಿದ್ಲು ಹುಲಗೆಮ್ಮ? ನಿನ್ನ ಅತ್ತಿ ಸೊಸಿ ಈಕಿ. ಹೊಸ್ತಿಲ ಒಳಗಿನಾಕಿ ಕೈಯಾಗ ಸತ್ತ ಬೀಜ ಇಟ್ಟು ಹೊಲ ಉಂಡಿ. ಅಮ್ಮನ ದೀಪಕ್ಕ ಇಷ್ಟು ವರ್ಷ ಏನು ಹಚ್ಚಿದಂಗಾತು?”

ಹುಲಗೆಮ್ಮ ಬಾಯಿ ತೆರೆದಳು. ಮಾನ್ವಿಯಿಂದ ಮೊನ್ನೆ ಬಂದವಳು ಎನ್ನಬೇಕೆಂದಿದ್ದಳು. ಇಪ್ಪತ್ತೆರಡು ವರ್ಷದ ಮಾತು, ಅವಳಿಗೇ ಹೇಳಲು ನಾಚಿಕೆಯಾಯಿತು.

ತೀರ್ಮಾನವಾಯಿತು. ಹೊಲ ಕರೆಮ್ಮನದು. ಹನುಮಂತ್ರಾಯ “ಈ ಸಲ ಪೂರಾ ಎರಡೆಕರೆ ಸರಕಾರಿ ಹತ್ತಿ ಹಾಕ್ತೀನಿ” ಎಂದು ಶುರು ಮಾಡುತ್ತಿದ್ದಂತೆ ಕರೆಮ್ಮ, “ಹೊಲ ನಿಂದಲ್ಲ” ಎಂದಳು. ಅಷ್ಟು ಜನರ ನಡುವೆ ಹೆಂಡತಿಯಿಂದ ಆ ಮಾತು ಕೇಳಿದ ಮೇಲೆ ಅವನು ಮತ್ತೆ ಮೀಸೆ ಮುಟ್ಟಲಿಲ್ಲ.

“ಇನ್ನೊಂದು ಮಾತದ” ಎಂದಳು ಕರೆಮ್ಮ. “ನನಗ ಮಕ್ಕಳಿಲ್ಲ, ಸೊಸಿ ಬರಂಗಿಲ್ಲ. ಬೀಜ ನನ್ನ ಮ್ಯಾಲೆ ಪಕೀರಮ್ಮಗ ಹೋಗಲಿ. ಅಕಿ ನನಗೇನೂ ಮಾಡಿಲ್ಲ. ಇವತ್ತಿಂದ ನನ್ನ ಮನ್ಯಾಗ ಇದ್ದು ಬೀಜದ ಕೆಲಸ ಕಲೀಲಿ. ಹುಲಗೆಮ್ಮಕ್ಕ ಮಾತ್ರ ನಾ ಇರೋತನ ಆ ಹೊಲದಾಗ ಕಾಲಿಡಬಾರದು.”

ಜನ ಹುಲಗೆಮ್ಮನ ಬಾಯಿಯನ್ನೇ ನೋಡಿದರು. ಮಗಳಿಗೆ ಹೊಲ ಸಿಗಬೇಕೆಂದೇ ಅವಳು ಇಷ್ಟೆಲ್ಲ ಬಡಿದಾಡಿದ್ದು, ಅದನ್ನು ಊರಿಗೆಲ್ಲ ಸಾರಿ ಹೇಳಿದ್ದಳು. ಈಗ ಅದು ಸಿಗುತ್ತಿತ್ತು, ಕರೆಮ್ಮನ ಕೈಯಿಂದ. ಬೇಡ ಎನ್ನಬೇಕೆನಿಸಿತು. ಮಗಳನ್ನೂ ಕಿತ್ತುಕೊಳ್ಳಬೇಡ ಎಂದು ಕರೆಮ್ಮನ ಕಾಲು ಹಿಡಿಯಬೇಕೆಂದೂ ಅನಿಸಿತು. ಎರಡೂ ಅವಳಿಂದಾಗಲಿಲ್ಲ.

ಪಕೀರಮ್ಮ ತಾಯಿಯ ಹತ್ತಿರ ಬಂದು ನಿಂತಳು. “ಖರೇ ಏನವ್ವಾ? ಸಣ್ಣವ್ವಗ ಬೇಯಿಸಿದ ಬೀಜ ಕೊಟ್ಟಿದ್ದು?” ಎಂದು ಮೆಲ್ಲಗೆ ಕೇಳಿದಳು.

“ನಿನ್ನ ಸಲುವಾಗಿ…”

“ಆಗ ನಾ ಹುಟ್ಟಿರಲಿಲ್ಲ.”

ಅವಳು ತಾಯಿಯ ಜಾರಿದ ಸೆರಗನ್ನು ಎತ್ತಿ ತಲೆಯ ಮೇಲೆ ಸರಿಮಾಡಿ, ಕರೆಮ್ಮನ ಹಿಂದೆ ಹೊರಟಳು. ಇಬ್ಬರೂ ಕುರಿದೊಡ್ಡಿಯ ಓಣಿಗೆ ತಿರುಗಿದರು.

ಜನ ಚದುರಿದರು, ಜೀಪು ಹೋಯಿತು. ಚಾವಡಿಯಿಂದ ಹುಲಗೆಮ್ಮನ ಮನೆಗೆ ಹತ್ತಿರದ ದಾರಿ ಬತ್ತಿ ಹೊಲದ ನಡುವೆ ಹಾಯುತ್ತದೆ. ಮದುವೆಯಾಗಿ ಬಂದಾಗಿನಿಂದ ಅವಳು ಅದೇ ದಾರಿಯಲ್ಲಿ ಓಡಾಡಿದವಳು. ಬದುವಿನ ತನಕ ಹೋದಳು, ಕಾಲು ಎತ್ತಿದಳು, ಹಿಂದಕ್ಕೆ ಇಟ್ಟಳು. ಆಮೇಲೆ ಹಳ್ಳ ಸುತ್ತಿಕೊಂಡು, ಅರ್ಧ ಮೈಲಿ ಹೆಚ್ಚು ನಡೆದು ಮನೆಗೆ ಹೋದಳು.